ಐವತ್ತನೆಯ ಬಿಂದು

ಸುಬ್ಬಿ ಕೇಳಿದ್ದು ಒಂದೇ ಮಾತು, ಅದೂ ಕಚೇರಿ ಗುಡಿಸುವ ಕಸಬರಿಗೆ ಕೈಯಲ್ಲಿ ಹಿಡಿದುಕೊಂಡೇ. "ಇದ್ರಲ್ಲಿ ನಮ್ಮನೆ ಎಲ್ಲುಂಟು ಸುಂದ್ರಮ್ಮ?" ತ್ರಿಪುರಸುಂದರಿ ಗೋಡೆಯ ಮೇಲಿನ ನಕ್ಷೆಯ ಕಡೆ ಸರಿಯಾಗಿ ತಿರುಗಿಯೂ ನೋಡದೆ ಬೆರಳು ಚಾಚಿ, ಹಸಿರು ಬಣ್ಣದಲ್ಲಿ ಎಲ್ಲೋ ಒಂದು ಕಡೆ ಕುಟ್ಟಿ, "ಇಲ್ಲಿ" ಅಂದಿದ್ದಳು. ಸುಬ್ಬಿ ಹತ್ತಿರ ಬಂದು ಆ ಜಾಗವನ್ನು ಸ್ವಲ್ಪ ಹೊತ್ತು ನೋಡಿ, "ಹೌದಾ" ಅಂದು ಮತ್ತೆ ಗುಡಿಸತೊಡಗಿದ್ದಳು. ಅಷ್ಟೇ ನಡೆದದ್ದು. ಅದು ಶನಿವಾರದ ಮಾತು. ಇವತ್ತು ಸೋಮವಾರ, ಬೆಳಿಗ್ಗೆ ಎಂಟೂವರೆ. ಜಯಪುರದಿಂದ ಕೊಪ್ಪಕ್ಕೆ ಹೋಗುವ ಬಸ್ಸಿನಲ್ಲಿ, ಅದೇ ನಕ್ಷೆಯ ಸುರುಳಿಯನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಿಟಕಿ ಪಕ್ಕ ಕೂತಿದ್ದವಳಿಗೆ ಆ "ಹೌದಾ" ಹಲ್ಲಿನ ಸಂದಿಗೆ ಸಿಕ್ಕಿದ ಅಡಿಕೆ ಚೂರಿನ ಹಾಗೆ ಕಾಡುತ್ತಿತ್ತು. ಸುಳ್ಳು ಹೇಳಿದೆನೇ? ಇಲ್ಲವಲ್ಲ. ಸುಬ್ಬಿ ಇರುವುದು ಊರಾಚೆಯ ಬೋಳುಬ್ಯಾಣದ ಕಡೆ ಎಂದು ಗೊತ್ತಿತ್ತು, ಬೆರಳು ಬಿದ್ದದ್ದೂ ಹೆಚ್ಚುಕಡಿಮೆ ಆ ಕಡೆಗೇ. ಹೆಚ್ಚುಕಡಿಮೆ! ನಕ್ಷೆಯಲ್ಲಿ ಹತ್ತು ಮೀಟರು ಆಚೀಚೆ ಆದರೆ ಎದುರಿಗಿದ್ದವರ ಮೇಲೆ ಹರಿಹಾಯುವ ಹೆಂಗಸು ತಾನು. ಕಂಡಕ್ಟರ್ ಚೀಟಿ ಕೊಟ್ಟು, "ಮೇಡಮ್ಮು ಇವತ್ತು ಬಂದೂಕು ತಂದಿದಾರೆ" ಎಂದು ಸುರುಳಿ ತೋರಿಸಿ ತಮಾಷೆ ಮಾಡಿದ. ಅವಳು ನಕ್ಕಳು, ಆದರೆ ನಗು ಅರ್ಧದಲ್ಲೇ ನಿಂತಿತು.

ಅವಳು ಅಳುಕುವ ಪೈಕಿ ಅಲ್ಲ. ಹನ್ನೆರಡು ವರ್ಷ ಕಾಲೇಜಿನಲ್ಲಿ ಭೂಗೋಳ ಕಲಿಸಿ, ಒಂದೇ ಟಿಪ್ಪಣಿಯನ್ನು ಒಂದೇ ಧಾಟಿಯಲ್ಲಿ ಓದಿ ಓದಿ ಬೇಸತ್ತು, ನಲವತ್ತರ ಹೊಸ್ತಿಲಲ್ಲಿ ಕಂಪ್ಯೂಟರಿನ ಮುಂದೆ ಕೂತು ಉಪಗ್ರಹದ ಚಿತ್ರ ಓದಲು ಕಲಿತವಳು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ಪಟ್ಟಣಗಳು ಕಾಡು ನುಂಗದೆ, ಹಳ್ಳ ಮುಚ್ಚದೆ ಮುಂದಿನ ಇಪ್ಪತ್ತು ವರ್ಷ ಹೇಗೆ ಬೆಳೆಯಬೇಕು ಎಂದು ತೋರಿಸುವ ನಕ್ಷೆಯ ಕೆಲಸ ಬಂದಾಗ, ಇದು ತನಗಾಗಿಯೇ ಹುಟ್ಟಿದ ಕೆಲಸ ಎಂದು ಅವಳಿಗೆ ಸ್ವಲ್ಪವೂ ಅನುಮಾನವಿರಲಿಲ್ಲ. "ಮೂರು ಊರಿಗೆ ಒಬ್ಬಳೇ ಸುಂದರಿ. ಹೆಸರಿಟ್ಟವರು ಆಗಲೇ ಯೋಚನೆ ಮಾಡಿದ್ರು ಬಿಡಿ" ಎಂದು ಯೋಜನಾ ಸಮಿತಿಯ ಎಂಜಿನಿಯರ್ ಯಶವಂತ ಛೇಡಿಸಿದರೆ, "ಹೌದು ಮತ್ತೆ" ಎಂದು ಅವನ ಬಾಯಿ ಮುಚ್ಚಿಸಿದ್ದಳು. ಕೊಪ್ಪದಲ್ಲಿ ಬಾಡಿಗೆಗೆ ಹಿಡಿದ ಮಾಳಿಗೆಯ ಕೋಣೆ, ಅದರಲ್ಲೊಂದು ಕಂಪ್ಯೂಟರು, ಆ ಕಂಪ್ಯೂಟರಿನಲ್ಲಿ ತಾನಾಗಿ ಕಲಿಯುವ ಒಂದು ತಂತ್ರಾಂಶ. ಕೃತಕ ಬುದ್ಧಿ ಎಂದು ಹೇಳಿದರೆ ಜನ ಬಾಗಿಲ ಸಂದಿಯಿಂದ ಇಣುಕಿ ನೋಡಿ ಹೋಗುತ್ತಿದ್ದರು. ಒಳಗೆ ನಡೆಯುತ್ತಿದ್ದದ್ದು ಮಾತ್ರ ಅವಳು ಹನ್ನೆರಡು ವರ್ಷ ಮಾಡಿದ ಕೆಲಸವೇ, ಪಾಠ ಹೇಳುವುದು. ಚಿತ್ರದ ಮೇಲೆ ಒಂದು ಚೌಕ ಎಳೆದು 'ಇದು ಕಾಡು' ಎನ್ನಬೇಕು, ಇನ್ನೊಂದು ಎಳೆದು 'ಇದು ಗದ್ದೆ' ಎನ್ನಬೇಕು, ಮತ್ತೊಂದು ಎಳೆದು 'ಇದು ಮನೆ' ಎನ್ನಬೇಕು. ನೂರಾರು ಚೌಕ ತೋರಿಸಿದ ಮೇಲೆ ಅದು ತಾನೇ ಮೂರೂ ತಾಲೂಕುಗಳ ಮೇಲೆ ಕಣ್ಣಾಡಿಸಿ ಇಂಥಿಂಥಲ್ಲಿ ಇಂಥಿಂಥದು ಇದೆ ಎಂದು ಬಣ್ಣ ಹಚ್ಚುತ್ತದೆ. ಮನೆಗಳಿಗೆ ಕೆಂಪು. ಕೆಂಪು ಎಲ್ಲಿ ದಟ್ಟವೋ ಅಲ್ಲಿಗೆ ಮೊದಲು ನೀರು, ರಸ್ತೆ. ಕೆಂಪೇ ಇಲ್ಲದ, ಹಳ್ಳಕ್ಕೂ ಕಾಡಿಗೂ ದೂರವಾದ ಕಡೆ ಊರಿನ ಕಸದ ಘಟಕ.

ಮೊದಲ ಕೆಂಪು ಚೌಕ ಎಳೆದ ದಿನ ಅವಳಿಗೆ ಚೆನ್ನಾಗಿ ನೆನಪಿದೆ. ಮನೆ ಎಂದರೇನು ಎಂದು ಯಂತ್ರಕ್ಕೆ ತೋರಿಸಬೇಕಾದಾಗ ಕೈ ತಾನಾಗಿ ಶೆಟ್ಟಿಕೊಪ್ಪದ ಕಡೆ ಜಾರಿ, ತೋಟದ ಹಸಿರಿನ ನಡುವೆ ತವರುಮನೆಯನ್ನು ಹುಡುಕಿ ಹಿಡಿದಿತ್ತು. ಆಕಾಶದಿಂದ ತನ್ನ ಮನೆಯನ್ನು ನೋಡುವ ಆ ಸುಖವೇ ಬೇರೆ. ಎದೆ ತುಂಬಿ ಬಂದಿತ್ತು. ಮಳೆಗಾಲದ ಆರು ತಿಂಗಳು ಮೋಡ ಕವಿದು ಉಪಗ್ರಹಕ್ಕೆ ಏನೂ ಕಾಣುವುದಿಲ್ಲವಾದ್ದರಿಂದ ಚಿತ್ರ ಜನವರಿಯದು, ಅಡಿಕೆ ಸುಗ್ಗಿಯ ನಡುಮಧ್ಯದ್ದು. ಹಂಚಿನ ಮಾಡು, ಅದರ ಮುಂದೆ ಅಂಗಳ, ಅಂಗಳದ ಉದ್ದಗಲಕ್ಕೂ ಚಪ್ಪರ, ಚಪ್ಪರದ ಮೇಲೆ ಬೇಯಿಸಿ ಚೊಗರಿನ ಬಣ್ಣ ಹಚ್ಚಿ ಒಣಹಾಕಿದ ಕೆಂಪಡಿಕೆ. ಅವಳು ಎಲ್ಲವನ್ನೂ ಸೇರಿಸಿ ಧಾರಾಳವಾಗಿ ಚೌಕ ಎಳೆದಳು. ಅಂಗಳ ಬಿಟ್ಟು ಮನೆ ಅಂದರೆ ಅದೆಂಥ ಮನೆ? ಅವಳು ನಡೆಯಲು ಕಲಿತದ್ದು ಆ ಅಂಗಳದಲ್ಲಿ, ಮೈನೆರೆದಾಗ ಕೂತದ್ದು ಆ ಅಂಗಳದ ಮೂಲೆಯಲ್ಲಿ, ಧಾರೆಯಾದದ್ದು ಅದೇ ಚಪ್ಪರದಡಿಯಲ್ಲಿ. ಆಮೇಲೆ ಗುರುತಿದ್ದವರ ಮನೆಗಳನ್ನೆಲ್ಲ ಅದೇ ರೀತಿ ತೋರಿಸುತ್ತ ಹೋದಳು, ಶಾಲೆಗೆ ಹೊಸದಾಗಿ ಸೇರಿದ ಮಗುವಿಗೆ ನೆಂಟರನ್ನು ಪರಿಚಯ ಮಾಡಿಕೊಡುವವರ ಹಾಗೆ. ಯಂತ್ರ ಬೇಗ ಕಲಿಯಿತು. ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೆರಡು ತೆಗೆಯಿತು. ತನ್ನ ವಿದ್ಯಾರ್ಥಿಗಳಲ್ಲಿ ಯಾರೂ ಅಷ್ಟು ತೆಗೆದಿರಲಿಲ್ಲ.

ಆ ಪರೀಕ್ಷೆಗೆ ಒಂದು ನಿಯಮ ಇತ್ತು. ನಕ್ಷೆಯಲ್ಲಿ ಐವತ್ತು ಬಿಂದುಗಳನ್ನು ಆರಿಸಿ, ಅಲ್ಲಲ್ಲಿಗೆ ಕಾಲಲ್ಲೇ ಹೋಗಿ, ಯಂತ್ರ ಹೇಳಿದ್ದು ಅಲ್ಲಿ ನಿಜವಾಗಿ ಇದೆಯೇ ಎಂದು ಕಣ್ಣಾರೆ ನೋಡಿ ಬರೆಯಬೇಕು. ನಲವತ್ತೊಂಬತ್ತಕ್ಕೆ ಹೋಗಿದ್ದಳು. ಉಣ್ಣಿ ಕಚ್ಚಿಸಿಕೊಂಡು, ಬಾಳೆಹೊನ್ನೂರು ರಸ್ತೆಯಲ್ಲಿ ಒಮ್ಮೆ ನಾಯಿ ಅಟ್ಟಿಸಿಕೊಂಡು ಬಂದಾಗ ಸೀರೆ ಎತ್ತಿಕಟ್ಟಿ ಓಡಿ, ಹೋಗಿದ್ದಳು. ಐವತ್ತನೆಯದು ಬೋಳುಬ್ಯಾಣ. ಕೊಪ್ಪದ ಹೊರಗೆ, ದನ ಮೇಯಿಸುವ ಹುಲ್ಲಿನ ಗುಡ್ಡ. ಬಸ್ಸಿನಿಂದ ಸಾವಿರ ಸಲ ಕಂಡದ್ದು. ನಿನ್ನೆ, ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಇದೊಂದಕ್ಕೆ ಯಾರು ಹೋಗುತ್ತಾರೆ ಎಂದು, ಕೂತಲ್ಲೇ ಬರೆದುಬಿಟ್ಟಳು: 'ಹುಲ್ಲು, ಕುರುಚಲು, ಖಾಲಿ ಜಾಗ. ಯಂತ್ರದ ಗುರುತು ಸರಿ.' ಹನ್ನೊಂದು ಗಂಟೆಗೆ ಸಮಿತಿಯ ಸಭೆ. ಬೋಳುಬ್ಯಾಣದಲ್ಲಿ ಕಸದ ಘಟಕಕ್ಕೆ ಇವತ್ತು ಒಪ್ಪಿಗೆಯಾಗಿ ರುಜು ಬೀಳುತ್ತದೆ. ಶನಿವಾರ ತನ್ನ ಬೆರಳು ಬಿದ್ದದ್ದು ಅಲ್ಲೇ ಎಲ್ಲೋ. ಈ ಎರಡು ಸಂಗತಿಗಳು ಎರಡು ದಿನದಿಂದ ಅವಳ ತಲೆಯ ಎರಡು ಕೋಣೆಗಳಲ್ಲಿ ಪ್ರತ್ಯೇಕವಾಗಿ ಇದ್ದವು. ಬಸ್ಸು ತಿರುವು ದಾಟುವಾಗ ಅದು ಹೇಗೋ ನಡುವಿನ ಬಾಗಿಲು ತೆರೆದುಕೊಂಡಿತು. ಅವಳು ಸುರುಳಿ ಎತ್ತಿಕೊಂಡು ಎದ್ದುನಿಂತಳು.

"ಇಲ್ಲಿ ಸ್ಟಾಪಿಲ್ಲ ಮೇಡಮ್" ಅಂದ ಕಂಡಕ್ಟರ್.

"ಗೊತ್ತುಂಟು. ನಿಲ್ಸಿ."

ಗುಡ್ಡದ ಬುಡದಿಂದ ಮೇಲಕ್ಕೆ ಒಂದು ಕಾಲುದಾರಿ ಇತ್ತು. ದಾರಿ ಇದೆ ಎಂದರೆ ನಡೆಯುವವರಿದ್ದಾರೆ ಎಂದು ತಾನೇ ಪಾಠ ಮಾಡಿದ್ದು ನೆನಪಾಗಿ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಏರು ಹತ್ತಿ, ಒಂದು ಹಲಸಿನ ಮರ ದಾಟಿ, ಜಿಪಿಎಸ್ ಯಂತ್ರ ಕೈಯಲ್ಲಿ ಹಿಡಿದು ನಿಂತಾಗ ಅದರ ಸಂಖ್ಯೆಗಳು ಐವತ್ತನೆಯ ಬಿಂದು ಇದೇ ಎಂದು ತೋರಿಸಿದವು. ಅವಳು ನಿಂತದ್ದು ಒಂದು ಅಡುಗೆ ಒಲೆಯ ಮುಂದೆ. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಸುತ್ತ ಅಡಿಕೆ ಗರಿಯ ಸೋಗೆ ಹೊದಿಸಿದ ಮಾಡುಗಳು, ಒಂದರ ಹಿಂದೆ ಒಂದು, ಗುಡ್ಡದ ಮಗ್ಗುಲಿಗೆ ಒತ್ತಿಕೊಂಡು. ಹೋದ ವರ್ಷ ಹೊದಿಸಿದ ಸೋಗೆ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿ, ಹಿಂದಿನ ಒಣಹುಲ್ಲು ಯಾವುದು, ಮಾಡು ಯಾವುದು ಎಂದು ಹತ್ತಿರ ನಿಂತರೂ ಕಣ್ಣು ಕಿರಿದು ಮಾಡಬೇಕಿತ್ತು. ಅವಳು ಎಣಿಸಿದಳು. ಇಪ್ಪತ್ತಾರು.

"ಅಯ್ಯೋ, ಸುಂದ್ರಮ್ಮ!" ಸುಬ್ಬಿ ಒದ್ದೆ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ಕಚೇರಿಗೆ ಹೊರಡುವ ಸೀರೆಯಲ್ಲಿದ್ದಳು. "ಹೇಳಿ ಕಳ್ಸಿದ್ರೆ ನಾನೇ ಬರ್ತಿರ್ಲಿಲ್ವಾ? ಕೂತ್ಕೊಳ್ಳಿ, ಕೂತ್ಕೊಳ್ಳಿ." ಮಣೆ ಬಂತು. ಮಣೆಯ ಮೇಲಿನ ಧೂಳನ್ನು ಸೆರಗಿನಿಂದ ಎರಡು ಸಲ ಒರೆಸಿದ್ದಾಯಿತು. ಪಕ್ಕದ ಮಾಡಿನಿಂದ ಒಬ್ಬ ಮುದುಕಿ ಬಗ್ಗಿ ಹೊರಬಂದು, ಸೊಂಟಕ್ಕೆ ಕೈಕೊಟ್ಟು ನಿಂತು ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಇವ್ರೇ ಏನೇ, ಆಕಾಶದಿಂದ ನೋಡೋರು?"

"ಇವ್ರೇ ಅನ್ನಮ್ಮ." ಸುಬ್ಬಿಯ ಮುಖ ಅರಳಿತ್ತು. "ನೀವೇ ಹೇಳಿ ಸುಂದ್ರಮ್ಮ. ನಮ್ಮನೆ ನಕ್ಷೇಲಿ ಉಂಟಂತೆ, ಅವ್ರೇ ಬೆರಳಿಟ್ಟು ತೋರ್ಸಿದ್ರು ಅಂತ ಶನಿವಾರ ಬಂದು ಎಲ್ರಿಗೂ ಹೇಳ್ದೆ. ಇನ್ನು ನಲ್ಲಿ ನೀರು ಬರ್ತದೆ, ಯಾರೂ ಇಲ್ಲಿಂದ ಎಬ್ಸೂಕಾಗಲ್ಲ ಅಂದೆ. ಇವ್ಳು ನಂಬ್ಲೇ ಇಲ್ಲ."

ತ್ರಿಪುರಸುಂದರಿಗೆ ಬೆರಳ ತುದಿ ಉರಿದಂತಾಯಿತು. ಸುರುಳಿಯನ್ನು ಬೆನ್ನ ಹಿಂದಕ್ಕೆ ಸರಿಸಿದಳು. ಆ ಕಾಗದದಲ್ಲಿ ಈ ಒಲೆ, ಈ ಮಣೆ, ಈ ಇಪ್ಪತ್ತಾರು ಮಾಡುಗಳ ಮೇಲೆ ಕಪ್ಪು ಗೆರೆಯ ಚೌಕವೊಂದಿತ್ತು, ಅದರೊಳಗೆ ಅಂದವಾದ ಅಕ್ಷರದಲ್ಲಿ 'ಘನತ್ಯಾಜ್ಯ' ಎಂದಿತ್ತು. ಹೌದು ಎಂದುಬಿಡಬಹುದಿತ್ತು. ಹೌದು ಅಂದು, ಒಂದು ಲೋಟ ನೀರು ಕುಡಿದು ಇಳಿದು ಹೋಗಬಹುದಿತ್ತು. ನಾಚಿಕೆಯೆಂದರೆ ಇಷ್ಟು ಬಿಸಿಯಾಗಿ ಇರುತ್ತದೆ ಎಂದು ಅವಳಿಗೆ ತಿಳಿದಿರಲಿಲ್ಲ, ಕಿವಿಯ ಹಿಂದಿನಿಂದ ಕುತ್ತಿಗೆಗೆ ಇಳಿಯುತ್ತಿತ್ತು.

"ಇಲ್ಲ ಸುಬ್ಬಿ" ಅಂದಳು. "ಶನಿವಾರ ನಾನು ನೋಡದೆ ಹೇಳಿದ್ದು. ನಕ್ಷೆಯಲ್ಲಿ ನಿಮ್ಮ ಮನೆ ಇಲ್ಲ. ಯಾರದ್ದೂ ಇಲ್ಲ."

ಸುಬ್ಬಿ ಒಲೆಯ ಕಡೆ ತಿರುಗಿ ಗಂಜಿ ಕದಡಿದಳು. ಅನ್ನಮ್ಮನೇ, "ನಾ ಹೇಳ್ಲಿಲ್ವಾ?" ಅಂದಳು. ಅವಳ ದನಿಯಲ್ಲಿ ಗೆದ್ದ ಸಂತೋಷ ಕೂಡ ಇರಲಿಲ್ಲ.

"ಸಂಜೆ ಹೊತ್ತಿಗೆ ಇರ್ತದೆ" ಅಂದಳು ತ್ರಿಪುರಸುಂದರಿ. ಹೇಳಿದ ಮೇಲೆ ಅದು ಹೇಗೆ ಎಂದು ಯೋಚಿಸಿದಳು. ಆದರೆ ದನಿ ಅಳುಕಲಿಲ್ಲ.

ಮಣೆಯ ಮೇಲೆ ಕೂತಲ್ಲಿಂದ ಎದುರಿನ ಇಳಿಜಾರಿನಲ್ಲಿ ಕೊಪ್ಪ ಅಷ್ಟೂ ಕಾಣುತ್ತಿತ್ತು. ಸುಬ್ಬಿ ಕೊಟ್ಟ ಬೆಲ್ಲ ಬಾಯಿಗೆ ಹಾಕಿಕೊಂಡು, ನೀರು ಕುಡಿಯುತ್ತ, ಅವಳು ತನ್ನ ನಕ್ಷೆಯಲ್ಲಿ ಅತಿ ದಟ್ಟವಾಗಿ ಕೆಂಪು ಬಿದ್ದ ಕಡೆಯನ್ನು ಕಣ್ಣಿನಿಂದ ಹುಡುಕಿದಳು. ಮೂವತ್ತು ಮನೆಗಳ ಬಡಾವಣೆ ಎಂದು ಯಂತ್ರ ಹೇಳಿದ ಜಾಗ. ಅಲ್ಲಿದ್ದದ್ದು ಸಮಿತಿಯ ಅಧ್ಯಕ್ಷ ವೆಂಕಟರಮಣಯ್ಯನವರ ಒಂದೇ ಒಂದು ಮನೆ. ಅದರ ಮುಂದೆ, ಪಕ್ಕದಲ್ಲಿ, ಹಿಂದೆ, ಫೆಬ್ರವರಿಯ ಬಿಸಿಲಿಗೆ ಕೆಂಪಗೆ ಒಣಗುತ್ತಿದ್ದ ಅಡಿಕೆಯ ಚಪ್ಪರಗಳು. ಇಷ್ಟು ದೂರಕ್ಕೆ ಹಂಚು ಯಾವುದು, ಅಡಿಕೆ ಯಾವುದು ಎಂದು ಅವಳಿಗೇ ಹೇಳಲಾಗಲಿಲ್ಲ. ಯಂತ್ರದ್ದೇನೂ ತಪ್ಪಿರಲಿಲ್ಲ. ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೆಯೇ ಒಪ್ಪಿಸಿತ್ತು. ಅಂಗಳವನ್ನು ಮನೆ ಎಂದು ಹೇಳಿಕೊಟ್ಟವಳು ಯಾರು? ನೂರಾರು ಚೌಕಗಳಲ್ಲಿ ಒಂದನ್ನಾದರೂ ಸೋಗೆಯ ಮಾಡಿನ ಮೇಲೆ ಎಳೆಯದೆ ಹೋದವಳು ಯಾರು? ಹಾಗೆ ಎಳೆಯಬಾರದು ಎಂದು ಅವಳು ತೀರ್ಮಾನ ಮಾಡಿರಲಿಲ್ಲ. ಅದು ಅವಳ ಮನಸ್ಸಿಗೇ ಬಂದಿರಲಿಲ್ಲ. ಅಕ್ಕನ ಮದುವೆಗೆ ಅಪ್ಪ ಜಗಲಿಯಲ್ಲಿ ಕೂತು ಕರೆಯೋಲೆಗೆ ಮನೆಗಳನ್ನು ಎಣಿಸಿದ್ದು, ಹತ್ತು ವರ್ಷದ ತಾನು ಪಟ್ಟಿ ಬರೆದುಕೊಂಡದ್ದು ಕಣ್ಣಿಗೆ ಕಟ್ಟಿತು. "ಊರಲ್ಲಿ ಹದಿನಾಲ್ಕು ಮನೆ. ಬರಿ." "ತೋಟದ ಹಿಂದಿನವರು ಅಪ್ಪಯ್ಯ?" "ಅದು ಬಿಡಾರ ಕೂಸೆ. ಅವಕ್ಕೆ ಬಾಯಲ್ಲಿ ಹೇಳಿದ್ರೆ ಆತು." ಕೆಲಸದವರು ಇರುವುದು ಬಿಡಾರ, ನಾವು ಇರುವುದು ಮನೆ. ಅವಳು ಹದಿನಾಲ್ಕು ಎಂದು ಬರೆದಳು. ಅಕ್ಷರ ಮುತ್ತಿನ ಹಾಗಿದೆ ಎಂದು ಅಪ್ಪಯ್ಯ ತಲೆ ಸವರಿದ್ದ. ಆ ಹದಿನಾಲ್ಕನ್ನೇ ಮೂವತ್ತು ವರ್ಷದ ಮೇಲೆ, ಆಕಾಶದಿಂದ ತೆಗೆದ ಚಿತ್ರದ ಮೇಲೆ, ಅದೇ ಅಚ್ಚುಕಟ್ಟಿನಲ್ಲಿ ಮತ್ತೊಮ್ಮೆ ಬರೆದಿದ್ದಳು.

ಸಭೆಗೆ ಅವಳು ಹೋದಾಗ ಹನ್ನೊಂದು ಕಾಲು. ಕೋಡುಬಳೆಯ ತಟ್ಟೆ ಅರ್ಧ ಖಾಲಿಯಾಗಿತ್ತು. ಸೀರೆಯ ಅಂಚಿಗೆ ಹುಲ್ಲಿನ ಮುಳ್ಳು ಹತ್ತಿಕೊಂಡದ್ದನ್ನು ಯಶವಂತ ನೋಡಿದ. ಅವಳು ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿ, ಸುತ್ತಿಕೊಳ್ಳದ ಹಾಗೆ ನಾಲ್ಕು ಮೂಲೆಗೂ ಲೋಟ ಇಟ್ಟು, ನಿಂತುಕೊಂಡೇ ಹೇಳಿದಳು, "ಇದಕ್ಕೆ ಇವತ್ತು ರುಜು ಹಾಕಬೇಡಿ. ಈ ನಕ್ಷೆ ತಪ್ಪು. ಬೋಳುಬ್ಯಾಣದಲ್ಲಿ ಇಪ್ಪತ್ತಾರು ಮನೆ ಇವೆ."

ವೆಂಕಟರಮಣಯ್ಯನವರು ಕನ್ನಡಕ ತೆಗೆದರು. "ಅಲ್ಲಿ ಬಿಡಾರ ಉಂಟು ಅಂತ ನಂಗೂ ಗೊತ್ತುಂಟು ಮಾರಾಯ್ತಿ. ನಕ್ಷೇಲಿ ಕಾಣ್ಲಿಲ್ಲ. ಆಕಾಶದಿಂದ ನೋಡಿದ್ದು ಅಂದ್ಮೇಲೆ ನಮ್ಮ ಕಣ್ಣಿಗಿಂತ ಸರಿ ಇರ್ತದೆ, ಎದ್ದು ಹೋಗಿರ್ಬೇಕು ಅಂದ್ಕೊಂಡೆ." ಅವರು ಅದನ್ನು ಕುಹಕದಿಂದ ಹೇಳಲಿಲ್ಲ. ನಿಜವಾಗಿ ಹಾಗೇ ಅಂದುಕೊಂಡಿದ್ದರು. ಅದು ಅವಳನ್ನು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಯಶವಂತ ಒಂದು ಚೀಟಿ ತಳ್ಳಿದ. 'ತಾಂತ್ರಿಕ ದೋಷ ಅಂತ ಹೇಳಿ ಸಾಕು. ಕಂಪ್ಯೂಟರ್ ಮೇಲೆ ಹಾಕಿ.' ಅವನ ಮನಸ್ಸು ಒಳ್ಳೆಯದೇ. ಕಂಪ್ಯೂಟರಿಗೆ ಮಾನವಿಲ್ಲ, ಹೆಸರು ಕೆಡುವುದಿಲ್ಲ, ಗುತ್ತಿಗೆ ರದ್ದಾಗುವುದಿಲ್ಲ. ಅವಳು ಚೀಟಿಯನ್ನು ಓದಿ ಮಡಚಿ ಲೋಟದ ಕೆಳಗಿಟ್ಟಳು. ಹಾಗೆ ಹೇಳಿದರೆ ನಾಳೆ ಇನ್ನೊಂದು ಯಂತ್ರ ತರಿಸುತ್ತಾರೆ, ಅದಕ್ಕೂ ಯಾರಾದರೂ ತಮ್ಮ ಮನೆಯನ್ನೇ ಮೊದಲು ತೋರಿಸುತ್ತಾರೆ.

"ಯಂತ್ರಕ್ಕೆ ಪಾಠ ಹೇಳಿದ್ದು ನಾನು" ಅಂದಳು. "ಒಣಹಾಕಿದ ಅಡಿಕೆಯನ್ನೂ ಸೇರಿಸಿ ಮನೆ ಅಂತ ಹೇಳಿಕೊಟ್ಟೆ. ಸೋಗೆ ಮಾಡನ್ನು ತೋರಿಸಲೇ ಇಲ್ಲ. ಐವತ್ತನೇ ಬಿಂದುವಿಗೆ ಹೋಗದೆಯೇ, ಹೋಗಿ ನೋಡಿದೆ ಅಂತ ಬರೆದೆ. ಇಲ್ಲಿ ನೋಡಿ, ಇದು ಶೆಟ್ಟಿಕೊಪ್ಪದಲ್ಲಿ ನಮ್ಮ ಅಪ್ಪಯ್ಯನ ಮನೆ. ಇರೋದು ಒಂದು. ನಕ್ಷೆಯಲ್ಲಿ ಹನ್ನೊಂದು."

ಮೂಲೆಯಲ್ಲಿದ್ದ ಯಾರೋ, "ಒಂದಲ್ಲ, ಹನ್ನೊಂದು ಮನೆಯ ಮಗಳು!" ಅಂದರು. ಮೇಜಿನ ಸುತ್ತ ನಗು ಎದ್ದಿತು. ಯಶವಂತನೂ ತಡೆಯಲಾರದೆ ನಕ್ಕ. ನಗು ಮುಗಿಯುವವರೆಗೆ ಅವಳು ನಿಂತೇ ಇದ್ದಳು. ಕೋಡುಬಳೆಯ ತಟ್ಟೆಯ ಹೂವಿನ ಚಿತ್ರವನ್ನು ದಿಟ್ಟಿಸುತ್ತಿದ್ದಳು. ಆದರೆ ಒಂದು ವಿಚಿತ್ರ: ಬಸ್ಸಿನಲ್ಲಿ ಕಾಡುತ್ತಿದ್ದ ಆ ಚೂರು ಈಗ ಇರಲಿಲ್ಲ. ಅವರು ನಗುತ್ತಿದ್ದಾಗಲೇ ಅದು ಎಲ್ಲೋ ಉದುರಿಹೋಗಿತ್ತು.

"ನಿಮ್ಮದೂ ಹಾಗೇ" ಎಂದು ವೆಂಕಟರಮಣಯ್ಯನವರ ಕಡೆ ತಿರುಗಿದಳು. "ನಿಮ್ಮ ಅಂಗಳವನ್ನು ಯಂತ್ರ ಮೂವತ್ತು ಮನೆ ಅಂದಿದೆ. ಹೊಸ ನೀರಿನ ಕೊಳವೆ ಅಲ್ಲಿಗೆ ಹೋಗ್ತಿರೋದು ಅದಕ್ಕೇ. ಅಡಿಕೆಗೆ ಕುಡಿಯೋ ನೀರು ಬೇಡ."

ಅವರಿಗೆ ಇಷ್ಟವಾಗಲಿಲ್ಲ. ಗಡಿಯಾರ ನೋಡಿದರು, ನಕ್ಷೆ ನೋಡಿದರು, ಕೊನೆಗೆ ಕಿಟಕಿಯಾಚೆ ಕಾಣುತ್ತಿದ್ದ ಬೂದು ಗುಡ್ಡ ನೋಡಿದರು. ಬಹಿರಂಗವಾಗಿ ಹೇಳಿದ್ದನ್ನು ಇನ್ನು ಹೇಳಲಿಲ್ಲ ಎನ್ನಿಸಲು ಬರುವುದಿಲ್ಲ ಎಂದು ಅವರಿಗೆ ತಿಳಿಯುತ್ತಿತ್ತು. "ಹದಿನೈದು ದಿನ ಕೊಡ್ತೆ" ಅಂದರು. "ಸರಿ ಮಾಡಿ ತನ್ನಿ. ಇನ್ನೊಂದು ಸಲ ತಪ್ಪು ಅಂದ್ರೆ ಬೇರೆಯವ್ರನ್ನ ನೋಡ್ಕೊಳ್ತೇವೆ."

"ಬೇರೆಯವರು ಬೇಕಾಗಲ್ಲ" ಅಂದಳು.

ಮಧ್ಯಾಹ್ನದಿಂದ ಅವಳು ಯಂತ್ರಕ್ಕೆ ಹೊಸದಾಗಿ ಪಾಠ ಶುರುಮಾಡಿದಳು. ಹಳೆಯ ಚೌಕಗಳನ್ನು ಒಂದೊಂದೇ ಅಳಿಸಿದಳು, ತವರುಮನೆಯದನ್ನು ಮೊದಲು. ಅಂಗಳಕ್ಕೆ ಬೇರೆ ಚೌಕ, 'ಅಡಿಕೆ' ಎಂದು ಬೇರೆ ಹೆಸರು. ಬೋಳುಬ್ಯಾಣದಲ್ಲಿ ಜಿಪಿಎಸ್ ಹಿಡಿದು ಗುರುತು ಹಾಕಿಕೊಂಡು ಬಂದಿದ್ದ ಮಾಡುಗಳ ಮೇಲೆ ಚಿಕ್ಕ ಚಿಕ್ಕ ಚೌಕ. 'ಗುಡಿಸಲು ಅಂತ ಬೇರೆ ಪಟ್ಟಿ ಮಾಡಿ, ಸುಲಭ' ಎಂದು ಯಶವಂತ ಹೋಗುವಾಗ ಹೇಳಿದ್ದ. ಅವಳು ಮಾಡಲಿಲ್ಲ. ಹಂಚಿಗೂ ಸೋಗೆಗೂ ಒಂದೇ ಹೆಸರು ಬೆರಳಚ್ಚಿಸಿದಳು: ಮನೆ. ಮನೆ. ಮನೆ. ನಾಲ್ಕೂಮುಕ್ಕಾಲಿಗೆ ಯಂತ್ರ ಗುರುಗುಟ್ಟುತ್ತ ಲೆಕ್ಕಕ್ಕೆ ಕೂತಿತು. ಕಸಬರಿಗೆ ಹಿಡಿದು ಬಂದ ಸುಬ್ಬಿ ಗುಡಿಸಲು ಶುರುಮಾಡದೆ ಬಾಗಿಲಲ್ಲೇ ನಿಂತಳು. "ಬಾ, ನೋಡು" ಎಂದು ತ್ರಿಪುರಸುಂದರಿ ಕುರ್ಚಿ ಎಳೆದುಕೊಟ್ಟಳು. ಸುಬ್ಬಿ ಕುರ್ಚಿಯ ತುದಿಯಲ್ಲಿ ಕೂತಳು.

ಬೂದು ಗುಡ್ಡದ ಮೇಲೆ ಕೆಂಪು ಚುಕ್ಕೆಗಳು ಮೂಡಿದವು. ಇಪ್ಪತ್ನಾಲ್ಕು. "ಎರಡು ಕಮ್ಮಿ" ಅಂದಳು ಸುಬ್ಬಿ ತಕ್ಷಣ, "ಹಲಸಿನ ಮರದ ಅಡಿ ಇರೋವು. ಅನ್ನಮ್ಮಂದು, ಆಚೆದು." ಮರದ ನೆರಳಿನೊಳಗೆ ಉಪಗ್ರಹದ ಕಣ್ಣು ಹೋಗಿರಲಿಲ್ಲ. ಅವೆರಡನ್ನು ತ್ರಿಪುರಸುಂದರಿ ತನ್ನ ಕೈಯಲ್ಲೇ ಗುರುತು ಮಾಡಿದಳು. ಸುಬ್ಬಿ ಪರದೆಯ ಹತ್ತಿರ ಮುಖ ತಂದು, ಮುಟ್ಟದೆ, ಒಂದು ಚುಕ್ಕೆಯ ಎದುರು ಬೆರಳು ಹಿಡಿದಳು. "ಇದು ನಮ್ದು" ಅಂದಳು. ಈ ಸಲ ಅದನ್ನು ಹೇಳಿದ್ದು ಅವಳೇ. ಆಮೇಲೆ ಸ್ವಲ್ಪ ಧೈರ್ಯ ಬಂದು, "ನಿಮ್ಮನೆ ತೋರ್ಸಿ" ಅಂದಳು.

ತ್ರಿಪುರಸುಂದರಿ ಚಿತ್ರವನ್ನು ಶೆಟ್ಟಿಕೊಪ್ಪದ ಕಡೆ ಎಳೆದಳು. ಹನ್ನೊಂದು ಇದ್ದದ್ದು ಒಂದಾಗಿತ್ತು. ಅಂಗಳ ಅಂಗಳವಾಗಿತ್ತು. ತಾನು ಕಲಿಸಿದ್ದು ಸರಿಯಾಗಿ ನಾಟಿದೆ ಎಂದು ಹಿಗ್ಗುತ್ತಿದ್ದ ಹಾಗೆಯೇ ಅವಳ ಕಣ್ಣು ತೋಟದ ಹಿಂದಕ್ಕೆ ಹೋಯಿತು. ಅಲ್ಲಿ ಅವಳು ಒಂದು ಚೌಕವನ್ನೂ ಎಳೆದಿರಲಿಲ್ಲ. ಯಂತ್ರ ಬೋಳುಬ್ಯಾಣದಲ್ಲಿ ಕಲಿತದ್ದನ್ನು ಅಲ್ಲಿ ತಾನಾಗಿ ಹುಡುಕಿ ಬಣ್ಣ ಹಚ್ಚಿತ್ತು. ಹಳ್ಳದ ದಂಡೆಯುದ್ದಕ್ಕೂ ಸಣ್ಣ ಕೆಂಪು ಚುಕ್ಕೆಗಳು. ಅವಳು ಮೊಬೈಲ್ ತೆಗೆದು ತವರಿಗೆ ಫೋನ್ ಹಚ್ಚಿದಳು. ಎತ್ತಿದ್ದು ಅಮ್ಮ.

"ಅಮ್ಮಾ, ನಮ್ಮ ತೋಟದ ಹಿಂದೆ ಎಷ್ಟು ಮನೆ ಉಂಟು?"

"ಎಂತ ಕೇಳ್ತೆ ಕೂಸೆ?" ಅಮ್ಮ ನಕ್ಕದ್ದು ಕೇಳಿಸಿತು. "ತೋಟದ ಹಿಂದೆ ಮನೆ ಎಲ್ಲಿಂದ ಬಂತು?"

ಅವಳು ಪರದೆಯ ಮೇಲೆ ಬೆರಳಿಟ್ಟು, ಈ ಸಲ ಸರಿಯಾಗಿ ನೋಡಿ, ಒಂದೊಂದಾಗಿ ಎಣಿಸಿದಳು. ಪಕ್ಕದಲ್ಲಿ ಸುಬ್ಬಿಯೂ ತುಟಿ ಅಲುಗಿಸಿ ಎಣಿಸುತ್ತಿದ್ದಳು.

"ಐದು, ಅಮ್ಮಾ" ಅಂದಳು. "ಐದು ಮನೆ. ನಾಳೆ ಬೆಳಿಗ್ಗೆ ಬತ್ತೆ. ಮೊದಲು ಅಲ್ಲಿಗೆ ಹೋಗಿ, ಆಮೇಲೆ ನಮ್ಮನೆಗೆ ಬತ್ತೆ."